ಎರಡು ಕೈಗೆ ಎರಡು ಕತ್ತಿ: ಎರಡನೇ ಏಟಿಗೆ ತೆರುವ ಬೆಲೆ ಏನು?

ಪ್ರಶ್ನೆ: ನಮ್ಮದು ಹೊಸ ಗುಂಪು. ದಾಳ ಉರುಳಿಸಿ ಪಾತ್ರ ವಹಿಸುವ ಡಂಜನ್ಸ್ ಆಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯನ್ನು 2014ರ ಪುಸ್ತಕ ಇಟ್ಟುಕೊಂಡು ಆಡುತ್ತಿದ್ದೇವೆ. ನನ್ನ ಪಾತ್ರ ರೇಂಜರ್ (ಕಾಡಿನ ಯೋಧ), ಲೆವೆಲ್ 1. ಎರಡೂ ಕೈಯಲ್ಲಿ ಒಂದೊಂದು ಶಾರ್ಟ್‌ಸೋರ್ಡ್. ಎರಡನೇ ಕತ್ತಿಯ ಡ್ಯಾಮೇಜ್‌ಗೆ (ಏಟಿನ ಹಾನಿಗೆ) ಡೆಕ್ಸ್ಟೆರಿಟಿ (ಚುರುಕುತನದ ಅಂಕ) ಸೇರಿಸಬಾರದು ಎಂದು ಆಟ ನಡೆಸುವ ಗೇಮ್ ಮಾಸ್ಟರ್ ಹೇಳುತ್ತಾರೆ. ಮುಂದಿನ ಸಲ ಲೆವೆಲ್ 2 ಆಗುತ್ತೇನೆ. ಆಗ ಹಂಟರ್ಸ್ ಮಾರ್ಕ್ ಮಂತ್ರ (ಗುರುತು ಹಾಕಿದ ಎದುರಾಳಿಗೆ ಪ್ರತಿ ಏಟಿಗೂ ಹೆಚ್ಚುವರಿ ಡ್ಯಾಮೇಜ್) ಹಾಕಿದ ಸುತ್ತಿನಲ್ಲಿ ಎರಡನೇ ಕತ್ತಿ ಬೀಸಲು ಆಗುವುದೇ ಇಲ್ಲವಂತೆ. ಅತ್ತ ಗ್ರೇಟ್‌ಸೋರ್ಡ್ ಎಂಬ ದೊಡ್ಡ ಕತ್ತಿ ಹಿಡಿದ ಫೈಟರ್ ಗೆಳೆಯ ಒಂದೇ ಏಟಿಗೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನನ್ನು ಬೀಳಿಸುತ್ತಾನೆ. ಎರಡು ಆಯುಧ ಹಿಡಿದು ನನಗೆ ಸಿಕ್ಕಿದ್ದೇನು? ಬೇರೆ ಆಟಗಳಲ್ಲೂ ಹೀಗೇನಾ? ಸುಮ್ನೆ ಬಿಲ್ಲು ಹಿಡಿದುಬಿಡಲಾ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಗೇಮ್ ಮಾಸ್ಟರ್ ಹೇಳಿದ್ದು ಎರಡೂ ಸರಿ. ನೀವು ಬೇಜಾರು ಮಾಡಿಕೊಂಡಿದ್ದೂ ಸರಿಯೇ. ಈಗ ನೀವಿರುವ ಲೆವೆಲ್‌ನಲ್ಲಿ ಗೆಳೆಯನ ಕತ್ತಿ ನಿಜವಾಗಿಯೂ ನಿಮ್ಮದಕ್ಕಿಂತ ಜಾಸ್ತಿ ಹೊಡೆಯುತ್ತಿದೆ. ಆದರೆ ಮುಂದಿನ ಸಲಕ್ಕೆ ಅದು ಬದಲಾಗುತ್ತದೆ. ಅದು ಹೇಗೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

2014ರ ನಿಯಮ ಹೀಗಿದೆ. ನಿಮ್ಮ ಸರದಿಯಲ್ಲಿ ಅಟ್ಯಾಕ್ ಆಕ್ಷನ್ (ಹೊಡೆಯುವ ಮುಖ್ಯ ನಡೆ) ತೆಗೆದುಕೊಳ್ಳಬೇಕು. ಒಂದು ಕೈಯಲ್ಲಿರುವ ‘ಲೈಟ್’ ಗುಣದ ಆಯುಧದಿಂದ ಎದುರಾಳಿಯನ್ನು ಹತ್ತಿರದಿಂದ ಹೊಡೆಯಬೇಕು. ಆಗ ಬೋನಸ್ ಆಕ್ಷನ್ (ಮುಖ್ಯ ನಡೆಯ ಜೊತೆಗಿನ ಸಣ್ಣ ನಡೆ) ಖರ್ಚು ಮಾಡಿ, ಇನ್ನೊಂದು ಕೈಯಲ್ಲಿರುವ ಬೇರೆ ಲೈಟ್ ಆಯುಧದಿಂದ ಇನ್ನೊಂದು ಏಟು ಹಾಕಬಹುದು. ಅದು ತಗುಲುತ್ತದೋ ಇಲ್ಲವೋ ಎಂದು ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸುವಾಗ ಡೆಕ್ಸ್ಟೆರಿಟಿ, ಪ್ರೊಫಿಷಿಯನ್ಸಿ (ಪಳಗಿದ್ದಕ್ಕೆ ಸಿಗುವ ಅಂಕ) ಎರಡೂ ಎಂದಿನಂತೆ ಸೇರುತ್ತವೆ. ಡ್ಯಾಮೇಜ್‌ಗೆ ಮಾತ್ರ ಡೆಕ್ಸ್ಟೆರಿಟಿಯ ಮಾಡಿಫೈಯರ್ (ಕೂಡುವ ಅಥವಾ ಕಳೆಯುವ ಅಂಕ) ಸೇರುವುದಿಲ್ಲ. ಆದರೆ ಮಾಡಿಫೈಯರ್ ಮೈನಸ್‌ನಲ್ಲಿದ್ದರೆ ಅದನ್ನು ಕಳೆಯಲೇಬೇಕು.

ಎಷ್ಟೋ ಗುಂಪುಗಳು ಇದನ್ನು ಉಲ್ಟಾ ಮಾಡುವುದನ್ನು ನೋಡಿದ್ದೇನೆ. ಡ್ಯಾಮೇಜ್‌ಗೆ ಮಾಡಿಫೈಯರ್ ಹಾಕುತ್ತಾರೆ, ಗುರಿಗೆ ಹಾಕುವುದನ್ನು ಬಿಡುತ್ತಾರೆ. ಆಗ ಎರಡನೇ ಕತ್ತಿ ತಗುಲುವುದು ಕಡಿಮೆಯಾಗುತ್ತದೆ. ನಿಮ್ಮಲ್ಲಿ ಹಾಗೆ ಆಗುತ್ತಿಲ್ಲ ತಾನೇ? ಒಮ್ಮೆ ನೋಡಿಕೊಳ್ಳಿ.

ಈಗ ಲೆಕ್ಕ. ನಿಮ್ಮ ಡೆಕ್ಸ್ಟೆರಿಟಿ 16 ಎಂದುಕೊಳ್ಳೋಣ, ಅಂದರೆ +3. ಪ್ರೊಫಿಷಿಯನ್ಸಿ +2. ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಗುಲಲು ಮುಟ್ಟಬೇಕಾದ ಮೊತ್ತ) 13. ದಾಳದಲ್ಲಿ 8 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಏಟು ತಗುಲುತ್ತದೆ, ಅಂದರೆ ಶೇಕಡಾ 65. ಮೊದಲ ಕತ್ತಿ 1ಡಿ6+3 (ಆರು ಮುಖದ ಒಂದು ದಾಳಕ್ಕೆ 3 ಕೂಡಿಸಿ), ಸರಾಸರಿ 6.5. ಎರಡನೆಯದು ಬರೀ 1ಡಿ6, ಸರಾಸರಿ 3.5. ಎರಡೂ ಸೇರಿ 10, ಅದರ ಶೇಕಡಾ 65 ಅಂದರೆ ಸುತ್ತಿಗೆ 6.5. ಡಿ20ಯಲ್ಲಿ 20 ಬಿದ್ದಾಗಿನ ಕ್ರಿಟಿಕಲ್ ಏಟುಗಳನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ.

ಗ್ರೇಟ್‌ಸೋರ್ಡ್ 2ಡಿ6+3, ಅದರ ಸರಾಸರಿಯೂ 10. ಅಂದರೆ ಬರೀ ಆಯುಧಕ್ಕೆ ಆಯುಧ ಹೋಲಿಸಿದರೆ ನೀವಿಬ್ಬರೂ ಸರಿಸಮ. ವ್ಯತ್ಯಾಸ ಬಂದಿರುವುದು ಬೇರೆ ಕಡೆಯಿಂದ. ಫೈಟರ್‌ಗೆ ಫೈಟಿಂಗ್ ಸ್ಟೈಲ್ (ಕಾದಾಟದ ವಿಶೇಷ ಪರಿಣತಿ) ಲೆವೆಲ್ 1ರಲ್ಲೇ ಸಿಗುತ್ತದೆ. ನಿಮ್ಮ ಗೆಳೆಯ ಗ್ರೇಟ್ ವೆಪನ್ ಫೈಟಿಂಗ್ ಆರಿಸಿಕೊಂಡಿದ್ದರೆ, ಡ್ಯಾಮೇಜ್ ದಾಳದಲ್ಲಿ 1 ಅಥವಾ 2 ಬಿದ್ದಾಗ ಅದನ್ನು ಒಮ್ಮೆ ಮತ್ತೆ ಉರುಳಿಸಬಹುದು. ಆಗ 2ಡಿ6ರ ಸರಾಸರಿ 7ರಿಂದ ಸುಮಾರು 8.3ಕ್ಕೆ ಏರುತ್ತದೆ, ಸುತ್ತಿನ ಸರಾಸರಿ ಸುಮಾರು 7.4. ರೇಂಜರ್‌ಗೆ ಸ್ಟೈಲ್ ಸಿಗುವುದು ಲೆವೆಲ್ 2ರಲ್ಲಿ. ನೀವು ಟು-ವೆಪನ್ ಫೈಟಿಂಗ್ ಸ್ಟೈಲ್ ತೆಗೆದುಕೊಂಡರೆ ಎರಡನೇ ಕತ್ತಿಗೂ +3 ಸೇರುತ್ತದೆ. ಎರಡು ಸಲ 6.5 ಅಂದರೆ 13, ಅದರ ಶೇಕಡಾ 65 ಸುಮಾರು 8.5. ಗೆಳೆಯನನ್ನು ದಾಟಿದಿರಿ.

ಇನ್ನು ಗಾಬ್ಲಿನ್ ವಿಷಯ. 2014ರ ನಿಯಮಗಳ ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್ (ಜೀವದ ಅಂಕ). ಗ್ರೇಟ್‌ಸೋರ್ಡ್ ತಗುಲಿದರೆ ಅದು ಹೆಚ್ಚು ಕಡಿಮೆ ಸತ್ತಂತೆಯೇ. ನಿಮ್ಮ ಮೊದಲ ಕತ್ತಿ ತಗುಲಿದರೆ ಸಾಯುವುದು ಅರ್ಧ ಸಲ ಮಾತ್ರ, ಡಿ6ರಲ್ಲಿ 4 ಅಥವಾ ಮೇಲೆ ಬೀಳಬೇಕು. ಅದಕ್ಕೇ ಗೆಳೆಯನ ಏಟು ಅಷ್ಟು ಭಾರಿಯಾಗಿ ಕಾಣುತ್ತದೆ. ಆದರೆ ಅವನು 14 ಡ್ಯಾಮೇಜ್ ಹೊಡೆದಾಗ ಅದರಲ್ಲಿ ಅರ್ಧದಷ್ಟು, ಆಗಲೇ ಸತ್ತ ಗಾಬ್ಲಿನ್ ಮೇಲೆ ವ್ಯರ್ಥ. ನೀವು ಮೊದಲ ಕತ್ತಿಯಲ್ಲಿ ಒಂದನ್ನು ಬೀಳಿಸಿದರೆ, ನಡಿಗೆ ಉಳಿದಿದ್ದರೆ ಪಕ್ಕಕ್ಕೆ ಸರಿದು, ಎರಡನೇ ಕತ್ತಿಯನ್ನು ಇನ್ನೊಂದರ ಮೇಲೆ ಬೀಸಬಹುದು. ಎರಡೂ ಏಟು ಒಬ್ಬನ ಮೇಲೇ ಬೀಳಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ.

ನಾನು ಎಲ್ಲರಿಗೂ ಹೇಳುವ ಮಾತು ಒಂದಿದೆ. ಎರಡನೇ ಆಯುಧವನ್ನು ಯಾವ ಆಟವೂ ಪುಕ್ಕಟೆ ಕೊಡುವುದಿಲ್ಲ. ಅದಕ್ಕೆ ಎಲ್ಲೋ ಒಂದು ಕಡೆ ಬೆಲೆ ಕಟ್ಟಿರುತ್ತಾರೆ. ಒಂದು ಆಟದಲ್ಲಿ ಗುರಿ ಕೆಡುತ್ತದೆ, ಇನ್ನೊಂದರಲ್ಲಿ ಆಕ್ಷನ್ ಖರ್ಚಾಗುತ್ತದೆ, ಮತ್ತೊಂದರಲ್ಲಿ ಫೀಟ್ (ಪಾತ್ರ ಕಲಿಯುವ ವಿಶೇಷ ವಿದ್ಯೆ) ಕೊಂಡುಕೊಳ್ಳಬೇಕು. ಎಲ್ಲ ಆಟದಲ್ಲೂ ಗುರಾಣಿ ಹಿಡಿಯುವ ಕೈ ಹೋಗುತ್ತದೆ. ಆ ಬೆಲೆ ಎಲ್ಲಿದೆ ಅಂತ ಮೊದಲು ಹುಡುಕಿ. ಆಮೇಲೆ, ಪ್ರತಿ ಏಟಿನ ಜೊತೆ ನೀವು ಏನನ್ನು ಕಟ್ಟಿ ಕಳಿಸಬಹುದು ಅಂತ ನೋಡಿ. ಬೆಲೆ ಕೊಟ್ಟದ್ದು ಸಾರ್ಥಕವೋ ಅಲ್ಲವೋ ಅಲ್ಲಿ ಗೊತ್ತಾಗುತ್ತದೆ.

ನಿಮ್ಮ ಆಟದಲ್ಲಿ ಮುಖ್ಯ ಬೆಲೆ ಬೋನಸ್ ಆಕ್ಷನ್. ಸರದಿಗೆ ಸಿಗುವುದು ಒಂದೇ ಒಂದು. ಹಂಟರ್ಸ್ ಮಾರ್ಕ್ ಹಾಕಲು ಅದೇ ಬೇಕು. ಗುರುತು ಹಾಕಿದವನು ಸತ್ತ ಮೇಲೆ ಮುಂದಿನ ಸರದಿಯಲ್ಲಿ ಗುರುತನ್ನು ಇನ್ನೊಬ್ಬನಿಗೆ ದಾಟಿಸಲೂ ಅದೇ ಬೇಕು. ಹಾಗಾದರೆ ಗುರುತು ಹಾಕಬೇಕಾ, ಕತ್ತಿ ಬೀಸಬೇಕಾ? ಸ್ಟೈಲ್ ಇದೆ ಎಂದು ಇಟ್ಟುಕೊಂಡು ನೋಡೋಣ. ಗುರುತು ಹಾಕದೆ ಎರಡೂ ಕತ್ತಿ ಬೀಸಿದರೆ ಸುತ್ತಿಗೆ ಸುಮಾರು 8.5. ಗುರುತು ಹಾಕಿದರೆ ಮೊದಲ ಸುತ್ತಿನಲ್ಲಿ ಒಂದೇ ಏಟು, 6.5ಕ್ಕೆ ಇನ್ನೊಂದು ಡಿ6 ಸೇರಿ 10, ಅದರ ಶೇಕಡಾ 65 ಅಂದರೆ 6.5. ಎರಡನೇ ಸುತ್ತಿನಿಂದ ಎರಡೂ ಏಟಿಗೆ ಹೆಚ್ಚುವರಿ ಡಿ6 ಸೇರುತ್ತದೆ, ಸುತ್ತಿಗೆ 13. ಎರಡು ಸುತ್ತಿಗೆ ಒಟ್ಟು ನೋಡಿದರೆ ಗುರುತು ಇಲ್ಲದೆ ಸುಮಾರು 17, ಗುರುತು ಇದ್ದರೆ 19.5.

ಅಂದರೆ ಎದುರಾಳಿ ಎರಡು ಸುತ್ತು ಬದುಕುವ ಗಟ್ಟಿಗನಾದರೆ ಗುರುತು ಹಾಕಿ. ಒಂದೇ ಸುತ್ತಿಗೆ ಬೀಳುವ ಸಣ್ಣವನಾದರೆ ಕತ್ತಿ ಬೀಸಿ. ಇನ್ನೊಂದು ಎಚ್ಚರ. ಹಂಟರ್ಸ್ ಮಾರ್ಕ್‌ಗೆ ಕಾನ್ಸಂಟ್ರೇಶನ್ (ಮಂತ್ರದ ಮೇಲೆ ಏಕಾಗ್ರತೆ) ಬೇಕು. ಹತ್ತಿರ ನಿಂತು ಕಾದಾಡುವವರಿಗೆ ಏಟು ಬೀಳುವುದು ಜಾಸ್ತಿ. ಪ್ರತಿ ಸಲ ಡ್ಯಾಮೇಜ್ ಬಿದ್ದಾಗಲೂ ಕಾನ್ಸ್ಟಿಟ್ಯೂಷನ್ ಸೇವ್ (ಮೈಗಟ್ಟಿತನದ ದಾಳದ ಪರೀಕ್ಷೆ) ಗೆಲ್ಲಬೇಕು, ಇಲ್ಲದಿದ್ದರೆ ಗುರುತು ಅಳಿಸಿಹೋಗುತ್ತದೆ.

ಇದೇ ಬೋನಸ್ ಆಕ್ಷನ್ ತಿಕ್ಕಾಟ ಬಾರ್ಬೇರಿಯನ್ ಪಾತ್ರ ರೊಚ್ಚಿಗೇಳುವ ರೇಜ್‌ಗೂ ಇದೆ, ಕಳ್ಳಹೆಜ್ಜೆಯ ರೋಗ್ ಪಾತ್ರ ಸರಕ್ಕನೆ ಸರಿಯುವ ಕನ್ನಿಂಗ್ ಆಕ್ಷನ್‌ಗೂ ಇದೆ. ಆದರೆ ರೋಗ್ ಕಥೆ ಸ್ವಲ್ಪ ಬೇರೆ. ನನಗೆ ಬಹಳ ಇಷ್ಟವಾದ ಉದಾಹರಣೆ ಅದು. ಐದನೇ ಆವೃತ್ತಿಯಲ್ಲಿ ಸ್ನೀಕ್ ಅಟ್ಯಾಕ್ (ಹೊಂಚು ನೋಡಿ ಹೊಡೆದ ಏಟಿನ ಹೆಚ್ಚುವರಿ ಡ್ಯಾಮೇಜ್) ಒಂದು ಸರದಿಗೆ ಒಮ್ಮೆ ಮಾತ್ರ. ಒಂದೇ ಏಟು ಇದ್ದರೆ ಅದು ತಗುಲುವ ಅವಕಾಶ ಶೇಕಡಾ 65. ಎರಡು ಏಟು ಇದ್ದರೆ ಒಂದಾದರೂ ತಗುಲುವ ಅವಕಾಶ ಶೇಕಡಾ 88ರ ಹತ್ತಿರ. ಲೆವೆಲ್ 5ರ ರೋಗ್‌ಗೆ ಸ್ನೀಕ್ ಅಟ್ಯಾಕ್ 3ಡಿ6. ಮೊದಲ ಏಟು ತಪ್ಪಿದಾಗ ಎರಡನೇ ಚಾಕು ಆ 3ಡಿ6ನ್ನು ಉಳಿಸಿಕೊಡುತ್ತದೆ. ಅದಕ್ಕೇ ರೋಗ್ ಆಡುವವರಿಗೆ ನಾನು ಹೇಳುವುದು: ಮೊದಲ ಏಟು ತಗುಲಿತಾ? ಹಾಗಾದರೆ ಬೋನಸ್ ಆಕ್ಷನ್‌ನಲ್ಲಿ ದೂರ ಸರಿದುಬಿಡಿ. ತಪ್ಪಿತಾ? ಎರಡನೇ ಚಾಕು ಬೀಸಿ. ಮೊದಲ ದಾಳ ಬೀಳುವ ಮುಂಚೆ ಏನನ್ನೂ ತೀರ್ಮಾನ ಮಾಡಬೇಡಿ.

ಇದನ್ನು ಇದೇ ಆಟದ ಹಳೆಯ ಮೂರೂವರೆ ಆವೃತ್ತಿಯ ಜೊತೆ ಹೋಲಿಸಿ ನೋಡಿ. 2003ರಲ್ಲಿ ಬಂದ ಆ ನಿಯಮಗಳಲ್ಲಿ ಬೆಲೆ ಕಟ್ಟಿದ್ದು ಗುರಿಯ ಮೇಲೆ. ಏನೂ ತರಬೇತಿ ಇಲ್ಲದೆ ಎರಡು ಆಯುಧ ಬೀಸಿದರೆ ಮುಖ್ಯ ಕೈಗೆ ಮೈನಸ್ 6, ಇನ್ನೊಂದಕ್ಕೆ ಮೈನಸ್ 10. ಎಡಗೈಯ ಆಯುಧ ಲೈಟ್ ಆಗಿದ್ದು, ಟು-ವೆಪನ್ ಫೈಟಿಂಗ್ ಫೀಟ್ ಕೂಡ ಇದ್ದರೆ ಎರಡಕ್ಕೂ ಮೈನಸ್ 2. ಆ ಫೀಟ್‌ಗೆ ಡೆಕ್ಸ್ಟೆರಿಟಿ 15 ಬೇಕಿತ್ತು. ಎಡಗೈಗೆ ಎರಡನೇ ಏಟು, ಮೂರನೇ ಏಟು ಬೇಕೆಂದರೆ ಒಂದೊಂದಕ್ಕೂ ಬೇರೆ ಬೇರೆ ಫೀಟ್. ಜೊತೆಗೆ ಫುಲ್ ಅಟ್ಯಾಕ್ (ಇಡೀ ಸರದಿಯನ್ನು ಏಟಿಗೇ ಕೊಡುವುದು) ಮಾಡಬೇಕಾದ್ದರಿಂದ ಐದಡಿಗಿಂತ ಹೆಚ್ಚು ಸರಿಯುವಂತಿರಲಿಲ್ಲ. ಬೆಲೆ ಭಾರಿಯೇ. ಆದರೂ ಅಲ್ಲಿ ರೋಗ್‌ಗಳು ಎರಡು ಆಯುಧ ಬಿಡುತ್ತಿರಲಿಲ್ಲ. ಕಾರಣ ಆ ಆವೃತ್ತಿಯಲ್ಲಿ ಸ್ನೀಕ್ ಅಟ್ಯಾಕ್ ತಗುಲಿದ ಪ್ರತಿ ಏಟಿಗೂ ಸೇರುತ್ತಿತ್ತು. ಎದುರಾಳಿಯನ್ನು ಎರಡು ಕಡೆಯಿಂದ ಸುತ್ತುವರಿದು ನಿಂತರೆ ನಾಲ್ಕು ಏಟು, ನಾಲ್ಕು ಸ್ನೀಕ್ ಅಟ್ಯಾಕ್. ಅದೇ ಆಟದ ಫೈಟರ್‌ಗೆ ಅಷ್ಟು ಲಾಭ ಇರಲಿಲ್ಲ, ಯಾಕೆಂದರೆ ಅವನ ಏಟಿನ ಜೊತೆ ಕಟ್ಟಿ ಕಳಿಸಲು ಅಷ್ಟು ಇರಲಿಲ್ಲ.

ಏಟು ಸಣ್ಣದಾಗಿ, ಸಂಖ್ಯೆ ಜಾಸ್ತಿಯಾದಾಗ ಒಂದು ತೊಂದರೆಯೂ ಇದೆ. ಡ್ಯಾಮೇಜ್ ರಿಡಕ್ಷನ್ ಇರುವ ರಾಕ್ಷಸನ ಮುಂದೆ ಅದು ಎದ್ದು ಕಾಣುತ್ತದೆ. ಪ್ರತಿ ಏಟಿನಿಂದ 5 ಕಳೆಯುವ ಮೈ ಇದೆ ಎಂದುಕೊಳ್ಳಿ. 14ರ ಒಂದು ಏಟು ಹೊಡೆದರೆ 9 ಒಳಗೆ ಹೋಗುತ್ತದೆ. 7ರ ಎರಡು ಏಟು ಹೊಡೆದರೆ ಎರಡೆರಡರಂತೆ 4 ಮಾತ್ರ. ಇದನ್ನು ಚೆನ್ನಾಗಿ ಬಗೆಹರಿಸಿದ್ದು 2019ರ ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿ. ಅಲ್ಲಿ ಫೈಟರ್‌ಗೆ ಡಬಲ್ ಸ್ಲೈಸ್ ಅಂತ ಒಂದು ಫೀಟ್ ಇದೆ. ಎರಡು ಆಕ್ಷನ್ ಕೊಟ್ಟು ಎರಡೂ ಆಯುಧದಿಂದ ಒಂದೊಂದು ಏಟು. ಎರಡೂ ತಗುಲಿದರೆ ರೆಸಿಸ್ಟೆನ್ಸ್ (ಡ್ಯಾಮೇಜ್ ಕಡಿಮೆ ಮಾಡುವ ಗುಣ) ಲೆಕ್ಕಕ್ಕೆ ಡ್ಯಾಮೇಜ್ ಒಟ್ಟು ಸೇರಿಸಿ ಒಮ್ಮೆ ಮಾತ್ರ ಕಳೆಯಬೇಕು.

ಆ ಫೀಟ್‌ನ ದೊಡ್ಡ ಗುಣ ಇನ್ನೊಂದಿದೆ. ಪಾತ್‌ಫೈಂಡರ್‌ನಲ್ಲಿ ಸರದಿಗೆ ಮೂರು ಆಕ್ಷನ್. ಯಾರು ಬೇಕಾದರೂ ಮೂರು ಸಲ ಹೊಡೆಯಬಹುದು, ಕೈಯಲ್ಲಿ ಒಂದೇ ಕತ್ತಿ ಇದ್ದರೂ ಸರಿ. ಆದರೆ ಎರಡನೇ ಏಟಿಗೆ ಮೈನಸ್ 5, ಮೂರನೆಯದಕ್ಕೆ ಮೈನಸ್ 10. ‘ಅಜೈಲ್’ (ಚುರುಕು) ಗುಣದ ಆಯುಧವಾದರೆ ಮೈನಸ್ 4, ಮೈನಸ್ 8. ಅಂದರೆ ಎರಡನೇ ಆಯುಧ ಸುಮ್ಮನೆ ಕೈಯಲ್ಲಿದ್ದ ಮಾತ್ರಕ್ಕೆ ಅಲ್ಲಿ ಹೆಚ್ಚುವರಿ ಏಟು ಸಿಗುವುದಿಲ್ಲ. ಡಬಲ್ ಸ್ಲೈಸ್ ಇದ್ದರೆ ಎರಡೂ ಏಟಿಗೆ ಮೊದಲ ಏಟಿನ ಗುರಿಯೇ ಸಿಗುತ್ತದೆ, ಎರಡನೇ ಆಯುಧ ಅಜೈಲ್ ಅಲ್ಲದಿದ್ದರೆ ಅದಕ್ಕೆ ಮಾತ್ರ ಮೈನಸ್ 2. ನನ್ನ ಮಟ್ಟಿಗೆ ಎರಡು ಆಯುಧದ ನಿಯಮಗಳಲ್ಲಿ ಇದು ತುಂಬ ಅಚ್ಚುಕಟ್ಟಾದದ್ದು. ಬೆಲೆ ಎಷ್ಟು, ಸಿಗುವುದು ಎಷ್ಟು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಈಗ ಒಂದು ಪದದ ವಿಷಯ. ಎರಡು ಕತ್ತಿ ಹಿಡಿದವನನ್ನು ನಾವು ಸಲೀಸಾಗಿ ‘ಸವ್ಯಸಾಚಿ’ ಅಂತ ಕರೆದುಬಿಡುತ್ತೇವೆ. ಅರ್ಜುನನಿಗೆ ಆ ಹೆಸರು ಬಂದದ್ದು ಎಡಗೈಯಿಂದಲೂ ಬಲಗೈಯಷ್ಟೇ ಚೆನ್ನಾಗಿ ಬಾಣ ಬಿಡುತ್ತಿದ್ದ ಅಂತ. ಎರಡು ಬಿಲ್ಲು ಒಟ್ಟಿಗೆ ಹಿಡಿದಿದ್ದ ಅಂತ ಅಲ್ಲ. ಎರಡೂ ಕೈ ಪಳಗಿರುವುದು ಒಂದು ವಿದ್ಯೆ, ಎರಡು ಆಯುಧವನ್ನು ಒಟ್ಟಿಗೆ ಬೀಸುವುದು ಬೇರೆ ವಿದ್ಯೆ. ಕೆಲವು ಆಟಗಳು ಈ ವ್ಯತ್ಯಾಸವನ್ನು ನಿಯಮದಲ್ಲೇ ಇಟ್ಟಿವೆ, ಅದು ನನಗೆ ತುಂಬ ಹಿಡಿಸುತ್ತದೆ. ಸ್ಯಾವೇಜ್ ವರ್ಲ್ಡ್ಸ್ ಎಂಬ ಆಟದಲ್ಲಿ ‘ಟು-ಫಿಸ್ಟೆಡ್’ ಎಂಬ ಎಡ್ಜ್ (ಫೀಟ್ ಇದ್ದಂತೆ) ಎರಡನೇ ಆಯುಧದ ಏಟನ್ನು ಕೊಡುತ್ತದೆ. ಆದರೆ ಎಡಗೈಗೆ ಬೀಳುವ ಮೈನಸ್ 2 ಹೋಗಬೇಕೆಂದರೆ ‘ಆಂಬಿಡೆಕ್ಸ್ಟ್ರಸ್’ ಎಂಬ ಇನ್ನೊಂದು ಎಡ್ಜ್ ಬೇಕು.

ಗರ್ಪ್ಸ್ ಎಂಬ ಆಟದಲ್ಲಿ ಇದು ಇನ್ನೂ ಕಠಿಣ. ಅಲ್ಲಿ ಮೂರು ಡಿ6 ಉರುಳಿಸಿ, ನಿಮ್ಮ ಕೌಶಲದ ಸಂಖ್ಯೆ ಅಥವಾ ಅದಕ್ಕಿಂತ ಕೆಳಗೆ ಬೀಳಿಸಬೇಕು. ಎರಡು ಆಯುಧ ಒಟ್ಟಿಗೆ ಬೀಸಿದರೆ ಎರಡಕ್ಕೂ ಮೈನಸ್ 4, ಪಳಗದ ಕೈಗೆ ಮತ್ತೆ ಮೈನಸ್ 4. ಕತ್ತಿ ಕೌಶಲ 14 ಇದ್ದರೆ ಒಂದೇ ಕತ್ತಿಯ ಏಟು ಶೇಕಡಾ 90ಕ್ಕಿಂತ ಜಾಸ್ತಿ ಸಲ ಗುರಿ ಮುಟ್ಟುತ್ತದೆ. ಎರಡು ಕತ್ತಿ ಒಟ್ಟಿಗೆ ಬೀಸಿದಾಗ ಬಲಗೈ 10ಕ್ಕೆ ಇಳಿಯುತ್ತದೆ, ಶೇಕಡಾ 50. ಎಡಗೈ 6ಕ್ಕೆ ಇಳಿಯುತ್ತದೆ, ಶೇಕಡಾ 9ರ ಆಸುಪಾಸು. ಮೂರು ದಾಳದ ಮೊತ್ತ ಮಧ್ಯದಲ್ಲೇ ಗುಂಪುಗಟ್ಟುವುದರಿಂದ ಒಂದೊಂದು ಮೈನಸ್ಸೂ ಅಲ್ಲಿ ಜೋರಾಗಿ ಕಚ್ಚುತ್ತದೆ. ಸುಮ್ನೆ ಚೆಂದ ಕಾಣುತ್ತದೆ ಅಂತ ಎರಡು ಕತ್ತಿ ಹಿಡಿದವರನ್ನು ಗರ್ಪ್ಸ್ ಕ್ಷಮಿಸುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಪಾತ್ರಕ್ಕೆ ಮಾತ್ರ ದಾರಿ ಬಿಡುತ್ತದೆ.

ನಿಜವಾದ ಕತ್ತಿ ವರಸೆಗೆ ಗರ್ಪ್ಸ್ ಹತ್ತಿರ ಇದೆ ಎಂದು ನನ್ನ ಅನಿಸಿಕೆ. ಯುರೋಪಿನಲ್ಲಿ 16, 17ನೇ ಶತಮಾನದಲ್ಲಿ ಬಲಗೈಗೆ ರೇಪಿಯರ್, ಎಡಗೈಗೆ ಡ್ಯಾಗರ್ ಹಿಡಿದು ಕಾದಾಡುವುದು ಸಾಮಾನ್ಯವಾಗಿತ್ತು. ಎಡಗೈಯ ಡ್ಯಾಗರ್‌ನ ಮುಖ್ಯ ಕೆಲಸ ಎದುರಾಳಿಯ ಕತ್ತಿಯನ್ನು ತಡೆಯುವುದು, ಪಕ್ಕಕ್ಕೆ ಸರಿಸುವುದು. ಆ ಗಳಿಗೆಯಲ್ಲಿ ಬಲಗೈ ಇರಿಯುತ್ತಿತ್ತು. ಜಪಾನಿನ ಮಿಯಾಮೊಟೊ ಮುಸಾಶಿಯ ಎರಡು ಕತ್ತಿಯ ಪದ್ಧತಿಯಲ್ಲೂ ಒಂದು ಉದ್ದ, ಒಂದು ಗಿಡ್ಡ. ಎರಡೂ ಉದ್ದ ಕತ್ತಿಯಾದರೆ ಒಂದಕ್ಕೊಂದು ತಾಗಿ ಅಡ್ಡಿಯಾಗುವುದು ಸುಲಭ. ಆಟಗಳು ‘ಲೈಟ್’ ಆಯುಧ ಬೇಕು ಅನ್ನುವುದರಲ್ಲಿ ಹೀಗೊಂದು ಅರ್ಥ ಇದೆ.

ಆದರೆ ತಡೆಯುವ ಕೆಲಸವನ್ನು ಹೆಚ್ಚಿನ ಆಟಗಳು ಮರೆತೇಬಿಟ್ಟಿವೆ. ಎರಡನೇ ಆಯುಧ ಅಂದರೆ ಇನ್ನೊಂದು ಏಟು ಅಂತಲೇ ಲೆಕ್ಕ. ಮೂರೂವರೆಯಲ್ಲಿ ಟು-ವೆಪನ್ ಡಿಫೆನ್ಸ್ ಫೀಟ್ ಇತ್ತು, ಪಾತ್‌ಫೈಂಡರ್‌ನಲ್ಲಿ ಟ್ವಿನ್ ಪ್ಯಾರಿ ಇದೆ. ನಿಮ್ಮ 2014ರ ಪುಸ್ತಕದಲ್ಲಿ ಡ್ಯುಯಲ್ ವೀಲ್ಡರ್ ಫೀಟ್ ತೆಗೆದುಕೊಂಡರೆ ಆರ್ಮರ್ ಕ್ಲಾಸ್ +1 ಸಿಗುತ್ತದೆ, ಲೈಟ್ ಅಲ್ಲದ ಒಂದು ಕೈಯ ಆಯುಧಗಳನ್ನೂ ಬಳಸಬಹುದು, ಎರಡು ಕತ್ತಿಯನ್ನು ಒಟ್ಟಿಗೆ ಒರೆಯಿಂದ ಎಳೆಯಬಹುದು. ಕೊನೆಯದು ಸಣ್ಣ ವಿಷಯ ಅನಿಸಬಹುದು. ಆದರೆ ನಿಯಮದ ಪ್ರಕಾರ ನಿಮಗೆ ಸರದಿಗೆ ಒಂದು ಕತ್ತಿ ಮಾತ್ರ ಪುಕ್ಕಟೆಯಾಗಿ ಎಳೆಯಲು ಬರುತ್ತದೆ. ದಿಢೀರ್ ಅಂತ ಕಾಳಗ ಶುರುವಾದರೆ ಮೊದಲ ಸುತ್ತಿನಲ್ಲಿ ಎರಡನೇ ಕೈ ಖಾಲಿ. ಹೇಗೂ ಆ ಸುತ್ತು ಹಂಟರ್ಸ್ ಮಾರ್ಕ್‌ಗೆ ಒಳ್ಳೆಯ ಸಮಯ, ಅಲ್ವಾ?

ಮುಂದೆ ನಿಮ್ಮ ಗುಂಪು 2024ರ ಪುಸ್ತಕಕ್ಕೆ ಹೋದರೆ ಈ ಬೋನಸ್ ಆಕ್ಷನ್ ಗೋಳು ಬಹಳ ಕಡಿಮೆಯಾಗುತ್ತದೆ. ಅಲ್ಲಿ ವೆಪನ್ ಮಾಸ್ಟರಿ ಬಂದಿದೆ. ಡ್ಯಾಗರ್, ಸಿಮಿಟರ್, ಸಿಕಲ್, ಲೈಟ್ ಹ್ಯಾಮರ್ ಈ ನಾಲ್ಕಕ್ಕೆ ‘ನಿಕ್’ ಎಂಬ ಗುಣ ಇದೆ. ಅದಿದ್ದರೆ ಎರಡನೇ ಏಟು ಅಟ್ಯಾಕ್ ಆಕ್ಷನ್ ಒಳಗೇ ಮುಗಿಯುತ್ತದೆ, ಬೋನಸ್ ಆಕ್ಷನ್ ಉಳಿಯುತ್ತದೆ. ಅಂದರೆ ಒಂದೇ ಸುತ್ತಿನಲ್ಲಿ ಗುರುತೂ ಹಾಕಬಹುದು, ಎರಡೂ ಕತ್ತಿ ಬೀಸಬಹುದು. ಶಾರ್ಟ್‌ಸೋರ್ಡ್‌ಗೆ ‘ವೆಕ್ಸ್’ ಇದೆ. ಅದು ತಗುಲಿ ಡ್ಯಾಮೇಜ್ ಆದರೆ ಅದೇ ಎದುರಾಳಿಯ ಮೇಲಿನ ಮುಂದಿನ ಏಟಿಗೆ ಅಡ್ವಾಂಟೇಜ್ (ಎರಡು ಡಿ20 ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು). ಹಾಗಾಗಿ ಬಲಗೈಗೆ ಶಾರ್ಟ್‌ಸೋರ್ಡ್, ಎಡಗೈಗೆ ಸಿಮಿಟರ್ ಬಹಳ ಒಳ್ಳೆಯ ಜೋಡಿ. ಮೊದಲು ಶಾರ್ಟ್‌ಸೋರ್ಡ್ ಬೀಸಿ, ಆಮೇಲೆ ಸಿಮಿಟರ್.

2014ರಲ್ಲೇ ಉಳಿಯುವುದಾದರೆ, ಎರಡನೇ ಏಟನ್ನು ಸರದಿಗೆ ಒಮ್ಮೆ ಬೋನಸ್ ಆಕ್ಷನ್ ಇಲ್ಲದೆ ಬಿಡುವ ಮನೆ ನಿಯಮವನ್ನು ನಿಮ್ಮ ಗೇಮ್ ಮಾಸ್ಟರ್ ಹತ್ತಿರ ಕೇಳಿ ನೋಡಿ. ನಾನು ನಡೆಸುವ ಆಟಗಳಲ್ಲಿ ಹಾಗೇ ಬಿಡುತ್ತೇನೆ. ಅದರಿಂದ ಆಟ ಕೆಟ್ಟಿಲ್ಲ. ಮುಂದಿನ ಲೆವೆಲ್‌ಗಳ ಲೆಕ್ಕ ನೋಡಿದರೆ ಕಾರಣ ಗೊತ್ತಾಗುತ್ತದೆ. ಲೆವೆಲ್ 5ರಲ್ಲಿ ಎಕ್ಸ್ಟ್ರಾ ಅಟ್ಯಾಕ್ ಬಂದಾಗ ಗ್ರೇಟ್‌ಸೋರ್ಡ್‌ನ ಏಟು ಒಂದಿದ್ದದ್ದು ಎರಡಾಗುತ್ತದೆ. ನಿಮ್ಮದು ಎರಡಿದ್ದದ್ದು ಮೂರಾಗುತ್ತದೆ, ನಾಲ್ಕಲ್ಲ. ಫೈಟರ್‌ಗೆ ಲೆವೆಲ್ 11ರಲ್ಲಿ ಇನ್ನೊಂದು ಏಟು ಬರುತ್ತದೆ, ಆಗ ದೊಡ್ಡ ಕತ್ತಿ ಸ್ಪಷ್ಟವಾಗಿ ಮುಂದೆ ಹೋಗುತ್ತದೆ. ಎರಡು ಕತ್ತಿಯ ಹೆಚ್ಚುಗಾರಿಕೆ ಇರುವುದು ಮೊದಲ ನಾಲ್ಕು ಲೆವೆಲ್‌ನಲ್ಲಿ. ನೀವು ಈಗ ಅಲ್ಲೇ ಇದ್ದೀರಿ.

ಹೊಸಬರು ಎಡವುವ ಇನ್ನು ಕೆಲವು ಕಡೆ ಇವೆ. ಆ ಸರದಿಯಲ್ಲಿ ಅಟ್ಯಾಕ್ ಬಿಟ್ಟು ಡಾಡ್ಜ್ (ಏಟು ತಪ್ಪಿಸಿಕೊಳ್ಳುವ ನಡೆ) ಮಾಡಿದರೆ ಎರಡನೇ ಏಟು ಇಲ್ಲ. ದೂರ ಸರಿಯುವ ಎದುರಾಳಿಗೆ ಹೊಡೆಯುವ ಆಪರ್ಚುನಿಟಿ ಅಟ್ಯಾಕ್‌ನಲ್ಲಿ ಒಂದೇ ಏಟು. ಹಂಟರ್ಸ್ ಮಾರ್ಕ್‌ಗೆ ಬಾಯಿಮಾತು ಸಾಕು, ಆದರೆ ಗಾಯ ವಾಸಿ ಮಾಡುವ ಕ್ಯೂರ್ ವೂಂಡ್ಸ್‌ಗೆ ಒಂದು ಕೈ ಖಾಲಿ ಬೇಕು, ಒಂದು ಕತ್ತಿ ಒರೆಗೆ ಹಾಕಬೇಕಾಗುತ್ತದೆ. ಮಾಯಾ ಆಯುಧ ಸಿಕ್ಕರೆ ನಿಮಗೆ ಎರಡು ಬೇಕು, ಗೆಳೆಯನಿಗೆ ಒಂದೇ ಸಾಕು. ಹಂಚಿಕೊಳ್ಳುವಾಗ ಇದನ್ನು ಬಾಯಿಬಿಟ್ಟು ಹೇಳಿ.

ಬಿಲ್ಲಿನ ಮಾತಿಗೆ ಬರೋಣ. ಲೆವೆಲ್ 2ರಲ್ಲಿ ಆರ್ಚರಿ ಸ್ಟೈಲ್ ತೆಗೆದುಕೊಂಡರೆ ಗುರಿಗೆ +2, ಅಂದರೆ ಶೇಕಡಾ 75. ಲಾಂಗ್‌ಬೋ 1ಡಿ8+3, ಸರಾಸರಿ 7.5. ಸುತ್ತಿಗೆ 5.6. ಗುರುತು ಇದ್ದರೆ ಸುಮಾರು 8.3. ಎರಡು ಕತ್ತಿಗೆ ಗುರುತು ಇಲ್ಲದೆ 8.5, ಗುರುತು ಇದ್ದರೆ 13. ಬರೀ ಡ್ಯಾಮೇಜ್ ನೋಡಿದರೆ ಕತ್ತಿಯೇ ಮೇಲು. ಬಿಲ್ಲು ಕೊಡುವುದು ದೂರ. ದೂರ ನಿಂತವನಿಗೆ ಏಟು ಕಡಿಮೆ, ಕಾನ್ಸಂಟ್ರೇಶನ್ ಭದ್ರ. ನಿಮ್ಮ ಗುಂಪಿನಲ್ಲಿ ಮುಂದೆ ನಿಲ್ಲುವವನು ಆ ಫೈಟರ್ ಒಬ್ಬನೇ ಆಗಿದ್ದರೆ ಕತ್ತಿ ಬಿಡಬೇಡಿ, ಅವನ ಪಕ್ಕ ಇನ್ನೊಬ್ಬರು ಬೇಕು. ಈಗಾಗಲೇ ಮುಂದೆ ಇಬ್ಬರು ಇದ್ದರೆ ಬಿಲ್ಲಿಗೆ ಹೋಗಬಹುದು. ಯಾವುದನ್ನೇ ಆರಿಸಿದರೂ ಲಾಂಗ್‌ಬೋ ಒಂದು ಬೆನ್ನಿಗಿರಲಿ. ಹಾರುವ ಶತ್ರುವಿಗೆ ಎರಡಲ್ಲ, ನಾಲ್ಕು ಕತ್ತಿ ಹಿಡಿದರೂ ಎಟುಕುವುದಿಲ್ಲ.